ಹಫ್ತಾ ಅಲ್ಲ, ಹಾಗಾದರೆ ಏನು?



ರಾಜ್ಯೋತ್ಸವದ ನಾಟಕದ ತಾಲೀಮು ಮುಗಿದ ಮೇಲೆ ಸಂಘದ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದೆ. ನಿಮ್ಮಲ್ಲೇ ಒಬ್ಬ ಹುಡುಗ ಬಂದು ಪಕ್ಕದಲ್ಲಿ ಕುಳಿತ. ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ತಾಯಿ ಮುಂದಿನ ಸಭೆಯಲ್ಲಿ ನನ್ನನ್ನು ತರಾಟೆಗೆ ತೆಗೆದುಕೊಂಡಾರು. "ಅಂಕಲ್, ಒಂದು ಡೌಟು. ಈ ನ್ಯಾಟೋ ದೇಶಗಳೆಲ್ಲ ಅಮೆರಿಕಕ್ಕೆ 5 ಪರ್ಸೆಂಟ್ ಕೊಡಬೇಕಂತಲ್ಲ, ಅದು ಹಫ್ತಾನೇ ತಾನೆ?" ಎಂದು ಕೇಳಿದ.

ನನಗೆ ನಗು ಬಂತು. ಮುಂಬಯಿಯ ಗಲ್ಲಿಯಲ್ಲಿ ಬೆಳೆದವನ ಬಾಯಿಂದ ಮಾತ್ರ ಬರಬಹುದಾದ ಪ್ರಶ್ನೆ ಅದು. ನಿಮ್ಮ ತಂದೆ, ಅಜ್ಜಂದಿರಲ್ಲಿ ಎಷ್ಟೋ ಮಂದಿ ಈ ಊರಿನಲ್ಲಿ ಹೋಟೆಲು, ಕ್ಯಾಂಟೀನು ನಡೆಸಿದವರು. ಹಫ್ತಾ ಎಂದರೇನೆಂದು ಅವರಿಗೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. ನಿನ್ನ ಅಂಗಡಿಗೆ ಏನೂ ಆಗದ ಹಾಗೆ ನೋಡಿಕೊಳ್ಳುತ್ತೇನೆ ಎಂದು ವಾರಕ್ಕೊಮ್ಮೆ ಬಂದು ಹೇಳುವವನೇ ಏನಾದರೂ ಆಗಿಸಬಲ್ಲವನೂ ಹೌದು. "ಹೌದಪ್ಪ, ಅದೇ" ಎಂದುಬಿಟ್ಟಿದ್ದರೆ ಆ ಸಂಜೆ ಸುಲಭವಾಗಿ ಕಳೆಯುತ್ತಿತ್ತು. ಆದರೆ ಅದು ತಪ್ಪು ಉತ್ತರ. ಸರಿಯಾದ ಉತ್ತರ ಕೊಂಚ ಉದ್ದ. ಚಹಾ ತಣ್ಣಗಾದರೂ ಹೇಳಿ ಮುಗಿಯಲಿಲ್ಲ. ಅದಕ್ಕೇ ಈ ತಿಂಗಳ ಅಂಕಣ ಅದಕ್ಕೇ ಮೀಸಲು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳಿ. ಆ ಶೇಕಡಾ 5 ಎಂಬುದು ಅಮೆರಿಕಕ್ಕೆ ಕೊಡುವ ಹಣವಲ್ಲ, ನ್ಯಾಟೋ ಸಂಸ್ಥೆಗೆ ಕಟ್ಟುವ ಚಂದಾ ಕೂಡ ಅಲ್ಲ. ಪ್ರತಿಯೊಂದು ದೇಶವೂ ತನ್ನ ಒಟ್ಟು ದೇಶೀಯ ಉತ್ಪನ್ನದಲ್ಲಿ ಅಷ್ಟು ಪಾಲನ್ನು ತನ್ನದೇ ರಕ್ಷಣೆಗೆ, ತನ್ನದೇ ಖಜಾನೆಯಿಂದ ಖರ್ಚು ಮಾಡಬೇಕು ಎಂಬ ಗುರಿ ಅದು. 2025ರ ಜೂನ್ ಕೊನೆಯಲ್ಲಿ ನೆದರ್‌ಲ್ಯಾಂಡ್ಸಿನ ಹೇಗ್ ನಗರದಲ್ಲಿ ಸೇರಿದ ಸಭೆ 2035ರೊಳಗೆ ಈ ಗುರಿ ಮುಟ್ಟಬೇಕೆಂದು ಒಪ್ಪಿತು. ಅದರಲ್ಲಿ 3.5 ಪಾಲು ನೇರವಾಗಿ ಸೈನ್ಯಕ್ಕೆ, ಉಳಿದ 1.5 ಪಾಲು ರಸ್ತೆ, ಸೇತುವೆ, ಬಂದರು, ಕಂಪ್ಯೂಟರ್ ಜಾಲದ ಭದ್ರತೆ ಮುಂತಾದವಕ್ಕೆ.

ನಿಮ್ಮ ಹೌಸಿಂಗ್ ಸೊಸೈಟಿಯನ್ನು ನೆನೆಸಿಕೊಳ್ಳಿ. 32 ಫ್ಲ್ಯಾಟುಗಳ ಸೊಸೈಟಿ ಎನ್ನೋಣ. 2024ರ ಮಾರ್ಚಿನಲ್ಲಿ ಸ್ವೀಡನ್ ಸೇರಿದ ಮೇಲೆ ನ್ಯಾಟೋದ ಸದಸ್ಯರೂ ಅಷ್ಟೇ. ತಿಂಗಳ ಮೆಂಟೆನೆನ್ಸ್ ಹಣ ಬೇರೆ, ನಿಮ್ಮ ಮನೆಯ ಬಾಗಿಲಿಗೆ ನೀವು ಹಾಕಿಸುವ ಗ್ರಿಲ್ಲು, ಬೀಗದ ಖರ್ಚು ಬೇರೆ. ನ್ಯಾಟೋಗೂ ಒಂದು ಮೆಂಟೆನೆನ್ಸ್ ಉಂಟು. 2025ರಲ್ಲಿ ಅದು ಸುಮಾರು 460 ಕೋಟಿ ಯುರೋ. ಅದರಲ್ಲಿ ಅಮೆರಿಕ ಮತ್ತು ಜರ್ಮನಿ ತಲಾ ಶೇಕಡಾ 16ರಷ್ಟು ಕೊಟ್ಟವು. 2021ಕ್ಕೆ ಮುಂಚೆ ಅಮೆರಿಕದ ಪಾಲು ಶೇಕಡಾ 22 ಇತ್ತು, ಅದನ್ನು ಇಳಿಸಿ ಜರ್ಮನಿಯ ಪಾಲನ್ನು ಏರಿಸಿದರು. ಆದರೆ ಎಲ್ಲ ಸದಸ್ಯರ ಸೈನಿಕ ಖರ್ಚು ಸೇರಿ ವರ್ಷಕ್ಕೆ ಒಂದೂವರೆ ಲಕ್ಷ ಕೋಟಿ ಡಾಲರಿನ ಹತ್ತಿರ ಹೋಗುವಾಗ ಈ ಮೆಂಟೆನೆನ್ಸ್ ನೂರರಲ್ಲಿ ಅರ್ಧ ರೂಪಾಯಿಯೂ ಆಗುವುದಿಲ್ಲ. ಜಗಳ ಇರುವುದು ಗ್ರಿಲ್ಲಿನ ಖರ್ಚಿನ ಮೇಲೆ.

ಮೇಲಿನ ಮಹಡಿಯ ದೊಡ್ಡ ಫ್ಲ್ಯಾಟಿನ ಯಜಮಾನರು ಜನರಲ್ ಬಾಡಿ ಮೀಟಿಂಗಿನಲ್ಲಿ ಎದ್ದು ನಿಂತು ಹೇಳುತ್ತಾರೆ: "ನೀವೆಲ್ಲ ಬಾಗಿಲು ತೆರೆದುಕೊಂಡು ಮಲಗುತ್ತೀರಿ. ಕಳ್ಳ ಬಂದರೆ ಕೋಲು ಹಿಡಿದು ಇಳಿದು ಬರಬೇಕಾದವನು ನಾನು. ಇನ್ನು ಮೇಲೆ ಪ್ರತಿಯೊಬ್ಬರೂ ಸಂಬಳದಲ್ಲಿ ನೂರಕ್ಕೆ ಐದು ರೂಪಾಯಿ ಗ್ರಿಲ್ಲಿಗೆ, ಬೀಗಕ್ಕೆ ತೆಗೆದಿಡಿ." ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಇಡೀ ಪೇಟೆಯಲ್ಲಿ ಅತಿ ದೊಡ್ಡ ಗ್ರಿಲ್ಲಿನ ಅಂಗಡಿ ಇರುವುದು ಅವರದೇ.

ಇವೆರಡೂ ಒಟ್ಟಿಗೇ ನಿಜ. ನಮ್ಮ ಚರ್ಚೆಗಳೆಲ್ಲ ಹಾದಿ ತಪ್ಪುವುದು ಇಲ್ಲಿಯೇ. ಒಬ್ಬರು ಯೂರೋಪಿನವರು ಬಿಟ್ಟಿ ಕೂಳಿನವರು ಎನ್ನುತ್ತಾರೆ, ಇನ್ನೊಬ್ಬರು ಎಲ್ಲವೂ ಶಸ್ತ್ರ ವ್ಯಾಪಾರಿಗಳ ಆಟ ಎನ್ನುತ್ತಾರೆ. ತಮಗೆ ಬೇಕಾದ ಅರ್ಧವನ್ನು ಹಿಡಿದುಕೊಂಡು ಇಬ್ಬರೂ ಮನೆಗೆ ಹೋಗುತ್ತಾರೆ.

ಮೊದಲ ಅರ್ಧಕ್ಕೆ ನ್ಯಾಯ ಸಲ್ಲಿಸೋಣ. 1966ರಲ್ಲಿ ಮ್ಯಾನ್ಸರ್ ಓಲ್ಸನ್ ಮತ್ತು ರಿಚರ್ಡ್ ಝೆಕ್‌ಹೌಸರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಮೈತ್ರಿಕೂಟಗಳ ಲೆಕ್ಕದ ಬಗ್ಗೆ ಒಂದು ಪ್ರಬಂಧ ಬರೆದರು. ರಕ್ಷಣೆ ಎಂಬುದು ಬೀದಿದೀಪದಂತೆ, ಒಬ್ಬ ಹಚ್ಚಿದರೂ ಬೆಳಕು ಎಲ್ಲರಿಗೂ. ಹಾಗಾಗಿ ದೊಡ್ಡವನು ತನ್ನ ಅಗತ್ಯಕ್ಕೇ ಹಚ್ಚುತ್ತಾನೆಂದು ಗೊತ್ತಿದ್ದರೆ ಚಿಕ್ಕವರು ಎಣ್ಣೆ ಕೊಡಲು ಹಿಂದುಮುಂದು ನೋಡುತ್ತಾರೆ. ಇದು ಅವರ ವಾದದ ಸಾರ. 2014ರ ಸೆಪ್ಟೆಂಬರಿನಲ್ಲಿ ವೇಲ್ಸ್‌ನಲ್ಲಿ ಸಭೆ ಸೇರಿ, ಹತ್ತು ವರ್ಷಗಳಲ್ಲಿ ಎಲ್ಲರೂ ಶೇಕಡಾ 2ರ ಕಡೆಗೆ ಸಾಗುವುದೆಂದು ನಿರ್ಧರಿಸಿದಾಗ ಆ ಗೆರೆಯ ಮೇಲಿದ್ದವರು ಅಮೆರಿಕ, ಬ್ರಿಟನ್, ಗ್ರೀಸ್, ಹೀಗೆ ಮೂರೇ ದೇಶ. 2022ರ ಫೆಬ್ರವರಿ 24ರಂದು ರಷ್ಯಾದ ಸೈನ್ಯ ಉಕ್ರೇನಿನೊಳಗೆ ನುಗ್ಗಿದಾಗ ಅನೇಕ ಸೈನ್ಯಗಳ ಮದ್ದುಗುಂಡಿನ ಉಗ್ರಾಣ ಖಾಲಿ ಖಾಲಿ. ಎಸ್ಟೋನಿಯಾ, ಪೋಲೆಂಡುಗಳ ಭಯ ಯಾವ ವ್ಯಾಪಾರಿಯೂ ಹುಟ್ಟಿಸಿದ್ದಲ್ಲ. ಅವರ ಅಜ್ಜ ಅಜ್ಜಿಯರು ಕಂಡುಂಡದ್ದು. 2025ರ ಹೊತ್ತಿಗೆ ಎಲ್ಲ ಸದಸ್ಯರೂ 2ರ ಗೆರೆ ಮುಟ್ಟುವ ಅಂದಾಜು ಬಂದದ್ದು ಆ ಭಯದಿಂದ ಹೆಚ್ಚು, ಅಮೆರಿಕದ ಗದರಿಕೆಯಿಂದ ಕಡಿಮೆ ಎಂದು ನನ್ನ ಎಣಿಕೆ.

ಇನ್ನು ಎರಡನೆಯ ಅರ್ಧ. ಇಲ್ಲಿ ನಿಮ್ಮನ್ನು ಕೊಂಚ ಹಿಂದಕ್ಕೆ ಕರೆದೊಯ್ಯುತ್ತೇನೆ. ನಾನು ಬ್ಯಾಂಕಿನ ವಿದೇಶೀ ವಿನಿಮಯ ವಿಭಾಗದಲ್ಲಿ ವರ್ಷಗಟ್ಟಲೆ ಲೆಡ್ಜರು ಎದುರಿಟ್ಟುಕೊಂಡು ಕುಳಿತವನು. ಯಾವ ಡಾಲರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದರಲ್ಲಿ ನನಗಿರುವ ಆಸಕ್ತಿ ನಿಮಗೆ ಬೇಸರ ತರಿಸಿದರೆ ಕ್ಷಮಿಸಿ, ಆದರೆ ಓದಿ.

1960ರ ಸುಮಾರಿಗೆ ಪಶ್ಚಿಮ ಜರ್ಮನಿಯಲ್ಲಿ ಸುಮಾರು ಎರಡೂವರೆ ಲಕ್ಷ ಅಮೆರಿಕನ್ ಸೈನಿಕರಿದ್ದರು. ಅನೇಕರ ಹೆಂಡತಿ ಮಕ್ಕಳೂ ಜೊತೆಗಿದ್ದರು. ಅವರ ಮನೆ ಬಾಡಿಗೆ, ಬಿಯರು, ಬಟ್ಟೆ ಒಗೆಯುವವನ ಬಿಲ್ಲು, ಕ್ಯಾಂಪಿನಲ್ಲಿ ಕೆಲಸ ಮಾಡುವ ಜರ್ಮನರ ಸಂಬಳ, ಎಲ್ಲಕ್ಕೂ ಡಾಲರು ಮಾರ್ಕ್ ಆಗಿ ಬದಲಾಗಬೇಕು. ಬದಲಾದ ಡಾಲರುಗಳೆಲ್ಲ ಕೊನೆಗೆ ಜರ್ಮನಿಯ ಕೇಂದ್ರ ಬ್ಯಾಂಕಾದ ಬುಂಡೆಸ್‌ಬ್ಯಾಂಕಿನ ತಿಜೋರಿ ಸೇರುತ್ತಿದ್ದವು. ಆ ಕಾಲದಲ್ಲಿ ಡಾಲರಿನ ಹಿಂದೆ ಚಿನ್ನ ನಿಂತಿತ್ತು, ಔನ್ಸಿಗೆ 35 ಡಾಲರ್ ದರದಲ್ಲಿ. ಪರದೇಶದ ಕೇಂದ್ರ ಬ್ಯಾಂಕು ಡಾಲರು ತಂದಿಟ್ಟು ಚಿನ್ನ ಕೊಡಿ ಎಂದರೆ ಅಮೆರಿಕ ಕೊಡಲೇಬೇಕು. ಅಂದರೆ ಜರ್ಮನಿಯನ್ನು ಕಾಯಲು ಹೋದ ಸೈನಿಕ ಕುಡಿದ ಪ್ರತಿಯೊಂದು ಲೋಟ ಬಿಯರಿನ ಜೊತೆ ಅಮೆರಿಕದ ಚಿನ್ನದ ಮೇಲೆ ಒಂದು ಚೀಟಿ ಜರ್ಮನರ ಕೈ ಸೇರುತ್ತಿತ್ತು.

ವಾಷಿಂಗ್ಟನ್ನಿನ ಹಣಕಾಸು ಇಲಾಖೆಗೆ ಇದು ನಿದ್ದೆಗೆಡಿಸಿದ ಚಿಂತೆ. ಸೈನಿಕರನ್ನು ವಾಪಸು ಕರೆಸಿದರೆ ರಷ್ಯಾಕ್ಕೆ ಧೈರ್ಯ ಬಂದೀತು. ಬಿಟ್ಟರೆ ಚಿನ್ನ ಕರಗೀತು. 1961ರ ಅಕ್ಟೋಬರಿನಲ್ಲಿ ಜರ್ಮನಿಯ ರಕ್ಷಣಾ ಮಂತ್ರಿ ಫ್ರಾನ್ಸ್ ಯೋಸೆಫ್ ಸ್ಟ್ರಾಸ್ ಮತ್ತು ಅಮೆರಿಕದ ರಕ್ಷಣಾ ಇಲಾಖೆಯ ರಾಸ್‌ವೆಲ್ ಗಿಲ್‌ಪ್ಯಾಟ್ರಿಕ್ ಒಂದು ಕರಾರಿಗೆ ಬಂದರು. ಅಮೆರಿಕನ್ ಸೈನ್ಯ ಜರ್ಮನಿಯಲ್ಲಿ ಎಷ್ಟು ಡಾಲರು ಖರ್ಚು ಮಾಡುತ್ತದೋ ಹೆಚ್ಚುಕಡಿಮೆ ಅಷ್ಟೇ ಬೆಲೆಯ ಶಸ್ತ್ರಗಳನ್ನು ಜರ್ಮನಿ ಅಮೆರಿಕದಿಂದ ಕೊಳ್ಳಬೇಕು. ಇದಕ್ಕೆ ಆಫ್‌ಸೆಟ್ ಎಂದು ಹೆಸರು, ಸರಿದೂಗಿಸುವುದು ಎಂದರ್ಥ. ಎರಡೆರಡು ವರ್ಷಗಳ ಕರಾರು, ಪ್ರತಿ ಸಲವೂ 130 ಕೋಟಿ ಡಾಲರಿಗೂ ಮೇಲೆ. ಅದೇ 1961ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯೊಳಗೇ ಪರದೇಶಗಳಿಗೆ ಶಸ್ತ್ರ ಮಾರುವುದಕ್ಕೆಂದು ಹೆನ್ರಿ ಕುಸ್ ಎಂಬವರ ಕೈಕೆಳಗೆ ಒಂದು ಪ್ರತ್ಯೇಕ ಕಚೇರಿಯೂ ತೆರೆಯಿತು.

ಈ ಕರಾರಿನ ಮರ್ಮ ಎಲ್ಲಿದೆ ನೋಡಿ. ಜರ್ಮನಿಗೆ ಎಷ್ಟು ಟ್ಯಾಂಕು, ಎಷ್ಟು ಕ್ಷಿಪಣಿ ಬೇಕೆಂಬುದನ್ನು ಎದುರಿಗಿರುವ ರಷ್ಯಾದ ಟ್ಯಾಂಕುಗಳನ್ನು ಎಣಿಸಿ ನಿರ್ಧರಿಸಲಿಲ್ಲ. ಹೊರಗೆ ಹೋದ ಡಾಲರುಗಳನ್ನು ಎಣಿಸಿ ನಿರ್ಧರಿಸಿದರು. ಬ್ಯಾಂಕಿನವನಾದ ನನಗೆ ಅದರಲ್ಲಿ ಆಶ್ಚರ್ಯವಿಲ್ಲ, ಖಾತೆ ತಾಳೆಯಾಗಬೇಕು ಎಂಬುದೇ ನಮ್ಮ ಧರ್ಮ. ಆದರೆ ಸೈನ್ಯದವನಿಗೆ ಆಶ್ಚರ್ಯವಾಗಬೇಕಿತ್ತು.

ಕೆಲವೇ ವರ್ಷಗಳಲ್ಲಿ ಜರ್ಮನಿಗೆ ಸಾಕಾಯಿತು. ಬೇಕಾದ ಶಸ್ತ್ರಗಳನ್ನೆಲ್ಲ ಕೊಂಡಾಗಿದೆ, ಕರಾರಿನ ಮೊತ್ತ ಮಾತ್ರ ಹನುಮಂತನ ಬಾಲದಂತೆ ಬೆಳೆಯುತ್ತಿದೆ. ಇತ್ತ ಬಜೆಟ್ಟಿನಲ್ಲಿ ಕೊರತೆ, ವ್ಯಾಪಾರ ಮಂದ. 1966ರ ಸೆಪ್ಟೆಂಬರಿನಲ್ಲಿ ಛಾನ್ಸಲರ್ ಲುಡ್ವಿಗ್ ಎರ್ಹಾರ್ಡ್ ತಾವೇ ವಾಷಿಂಗ್ಟನ್ನಿಗೆ ಹೋದರು. ಯುದ್ಧದಲ್ಲಿ ಬೂದಿಯಾದ ಜರ್ಮನಿಯನ್ನು ಮತ್ತೆ ಕಟ್ಟಿದ ಆರ್ಥಿಕ ಪವಾಡದ ಪಿತಾಮಹ ಎಂದು ಹೆಸರಾದವರು ಅವರು. ಅಧ್ಯಕ್ಷ ಲಿಂಡನ್ ಜಾನ್ಸನ್ ಅವರೊಡನೆ ಸ್ನೇಹವೂ ಇತ್ತು. ಸ್ವಲ್ಪ ರಿಯಾಯಿತಿ ಕೊಡಿ, ಕಾಲಾವಕಾಶ ಕೊಡಿ ಎಂದು ಕೇಳಿಕೊಂಡರು. ವಿಯೆಟ್ನಾಮಿನ ಖರ್ಚಿನಲ್ಲಿ ಮುಳುಗಿದ್ದ ಜಾನ್ಸನ್ ಜಗ್ಗಲಿಲ್ಲ. ಬರಿಗೈಯಲ್ಲಿ ಹಿಂದಿರುಗಿದ ಎರ್ಹಾರ್ಡ್ ಬಜೆಟ್ಟಿನ ತೂತು ಮುಚ್ಚಲು ತೆರಿಗೆ ಏರಿಸುವ ಮಾತಾಡಿದರು. ಅಕ್ಟೋಬರಿನಲ್ಲಿ ಮಿತ್ರಪಕ್ಷದ ಮಂತ್ರಿಗಳು ಸರ್ಕಾರದಿಂದ ಹೊರನಡೆದರು. ವರ್ಷ ಮುಗಿಯುವುದರೊಳಗೆ ಎರ್ಹಾರ್ಡ್ ಅಧಿಕಾರದಲ್ಲಿರಲಿಲ್ಲ. ಆಫ್‌ಸೆಟ್ ಒಂದೇ ಕಾರಣವೆಂದು ನಾನು ಹೇಳುವುದಿಲ್ಲ, ಸ್ವಪಕ್ಷದವರೂ ಅವರ ಕಾಲೆಳೆಯುತ್ತಿದ್ದರು. ಆದರೆ ಒಬ್ಬ ಮಿತ್ರನ ಸರ್ಕಾರ ಉರುಳುವುದಕ್ಕೆ ಇನ್ನೊಬ್ಬ ಮಿತ್ರನ ಬಿಲ್ಲು ಕೈಜೋಡಿಸಿದ್ದು ಸುಳ್ಳಲ್ಲ.

ಅದರ ಮುಂದಿನ ಅಧ್ಯಾಯ ಇನ್ನೂ ಸ್ವಾರಸ್ಯ. 1967ರಲ್ಲಿ ಶಸ್ತ್ರಗಳ ಬದಲು ಕಾಗದ ಬಂತು. ಬುಂಡೆಸ್‌ಬ್ಯಾಂಕು 50 ಕೋಟಿ ಡಾಲರಿನ ಅಮೆರಿಕನ್ ಸರ್ಕಾರಿ ಸಾಲಪತ್ರಗಳನ್ನು ಕೊಳ್ಳಲು ಒಪ್ಪಿತು. ಜೊತೆಗೆ ಬ್ಯಾಂಕಿನ ಅಧ್ಯಕ್ಷ ಕಾರ್ಲ್ ಬ್ಲೆಸ್ಸಿಂಗ್ ಒಂದು ಪತ್ರ ಬರೆದುಕೊಟ್ಟರು. ನಮ್ಮಲ್ಲಿರುವ ಡಾಲರುಗಳಿಗೆ ಚಿನ್ನ ಕೇಳುವುದಿಲ್ಲ ಎಂಬುದು ಅದರ ತಾತ್ಪರ್ಯ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎನ್ನುತ್ತೇವಲ್ಲ, ಹಾಗೆ. ನಾಲ್ಕು ವರ್ಷದ ಮೇಲೆ, 1971ರ ಆಗಸ್ಟ್ 15ರಂದು, ಅಧ್ಯಕ್ಷ ನಿಕ್ಸನ್ ಚಿನ್ನದ ಕಿಟಕಿಯನ್ನೇ ಮುಚ್ಚಿಬಿಟ್ಟರು. ಅದೇ ವರ್ಷದ ಮೇ ತಿಂಗಳಲ್ಲಿ ಯೂರೋಪಿನಲ್ಲಿರುವ ಸೈನಿಕರ ಸಂಖ್ಯೆಯನ್ನು ಅರ್ಧಕ್ಕಿಳಿಸಬೇಕೆಂದು ಸೆನೆಟರ್ ಮೈಕ್ ಮ್ಯಾನ್ಸ್‌ಫೀಲ್ಡ್ ತಂದ ತಿದ್ದುಪಡಿ 61ಕ್ಕೆ 36 ಮತಗಳಿಂದ ಬಿದ್ದುಹೋಗಿತ್ತು. ನೀವು ಖರ್ಚು ಹಂಚಿಕೊಳ್ಳದಿದ್ದರೆ ನಾವು ಹೊರಟೆವು ಎಂಬ ಮಾತು 2016ರ ಚುನಾವಣೆಯಲ್ಲೋ 2024ರ ಚುನಾವಣೆಯಲ್ಲೋ ಹುಟ್ಟಿದ್ದಲ್ಲ. ನಿಮ್ಮ ತಂದೆಯಂದಿರು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದಿಂದಲೂ ಉಂಟು.

ಕೊಳ್ಳುವವರೆಲ್ಲ ಪಾಪದವರು ಎಂದು ಮಾತ್ರ ತಿಳಿಯಬೇಡಿ. 1975ರಲ್ಲಿ ಬೆಲ್ಜಿಯಂ, ಡೆನ್ಮಾರ್ಕ್, ನೆದರ್‌ಲ್ಯಾಂಡ್ಸ್, ನಾರ್ವೆ ನಾಲ್ಕೂ ಕೂಡಿ 348 ಎಫ್-16 ವಿಮಾನಗಳನ್ನು ಕೊಂಡವು. ಪತ್ರಿಕೆಗಳು ಇದನ್ನು ಶತಮಾನದ ವ್ಯಾಪಾರವೆಂದು ಕರೆದವು. ಆ ನಾಲ್ವರು ಸುಮ್ಮನೆ ಚೆಕ್ಕು ಬರೆಯಲಿಲ್ಲ. ತಮ್ಮ ಖರೀದಿಯ ಬೆಲೆಯಲ್ಲಿ ಶೇಕಡಾ 40ರಷ್ಟು ಕೆಲಸ ತಮ್ಮ ಕಾರ್ಖಾನೆಗಳಿಗೇ ಬರಬೇಕು, ಅಮೆರಿಕ ತನಗಾಗಿ ಮಾಡಿಕೊಳ್ಳುವ ವಿಮಾನಗಳಲ್ಲೂ, ಬೇರೆಯವರಿಗೆ ಮಾರುವವುಗಳಲ್ಲೂ ಒಂದು ಪಾಲು ಬೇಕು ಎಂದು ಬರೆಸಿಕೊಂಡರು. ವಿಮಾನದ ಜೊತೆ ಉದ್ಯೋಗವನ್ನೂ ಕೊಂಡರು ಎನ್ನಿ. ಅದಕ್ಕೂ ಮುಂಚೆ ಜರ್ಮನಿ ತನ್ನ ಸೈನ್ಯಕ್ಕೆ 900ಕ್ಕೂ ಹೆಚ್ಚು ಸ್ಟಾರ್‌ಫೈಟರ್ ವಿಮಾನ ತರಿಸಿ, ಅವುಗಳಲ್ಲಿ ಮೂರರಲ್ಲೊಂದು ಪಾಲಿನ ಹತ್ತಿರ ಬರಬರುತ್ತ ಅಪಘಾತಗಳಲ್ಲಿ ಕಳೆದುಕೊಂಡಿತು. 110ಕ್ಕೂ ಹೆಚ್ಚು ಪೈಲಟ್‌ಗಳು ಸತ್ತರು. ಅದನ್ನು ತಯಾರಿಸಿದ ಲಾಕ್‌ಹೀಡ್ ಕಂಪನಿ ದೇಶ ದೇಶಗಳಲ್ಲಿ ಲಂಚ ಹಂಚಿದ್ದು 1976ರಲ್ಲಿ ಅಮೆರಿಕದ ಸೆನೆಟಿನ ವಿಚಾರಣೆಯಲ್ಲೇ ಹೊರಬಿತ್ತು. ಡಚ್ಚರ ರಾಣಿಯ ಪತಿ ಪ್ರಿನ್ಸ್ ಬರ್ನ್‌ಹಾರ್ಡ್ ಸೈನಿಕ ಹುದ್ದೆಗಳನ್ನು ಬಿಡಬೇಕಾಯಿತು, ಜಪಾನಿನ ಮಾಜಿ ಪ್ರಧಾನಿ ತನಾಕಾ ಜೈಲಿನ ಬಾಗಿಲು ಕಂಡರು.

ಮಾರುವವರೂ ಅಮೆರಿಕದವರು ಮಾತ್ರವಲ್ಲ. 2014ರಲ್ಲಿ ಶೇಕಡಾ 2 ದಾಟಿದ ಮೂವರಲ್ಲಿ ಗ್ರೀಸ್ ಇತ್ತೆಂದು ಮೇಲೆ ಹೇಳಿದೆನಲ್ಲ, ಅದು ರಷ್ಯಾದ ಹೆದರಿಕೆಯಿಂದಲ್ಲ. ಪಕ್ಕದ ತುರ್ಕಿಯ ಹೆದರಿಕೆಯಿಂದ, ಮತ್ತು ತುರ್ಕಿ ಕೂಡ ನ್ಯಾಟೋ ಸದಸ್ಯನೇ! 2000ದಲ್ಲಿ ಗ್ರೀಸ್ ಜರ್ಮನಿಯ ಸಬ್‌ಮೆರೀನುಗಳಿಗೆ ಆರ್ಡರು ಕೊಟ್ಟಿತು. 2010ರಲ್ಲಿ ದೇಶ ದಿವಾಳಿಯ ಅಂಚಿಗೆ ಬಂತು, ಪಿಂಚಣಿ ಕತ್ತರಿಸಿ, ಸಂಬಳ ಕತ್ತರಿಸಿ ಎಂದು ಸಾಲ ಕೊಟ್ಟವರು ಪಟ್ಟು ಹಿಡಿದರು. ಆ ಸಾಲಿಗರಲ್ಲಿ ಮುಂಚೂಣಿಯಲ್ಲಿದ್ದದ್ದೂ ಜರ್ಮನಿಯೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಶಸ್ತ್ರ ಖರೀದಿಯ ಲಂಚದ ಹಣವನ್ನು ಬಿಳಿ ಮಾಡಿಕೊಂಡದ್ದಕ್ಕೆ ಗ್ರೀಸಿನ ಮಾಜಿ ರಕ್ಷಣಾ ಮಂತ್ರಿ ಅಕಿಸ್ ತ್ಸೋಹಾಟ್ಸೋಪುಲೋಸ್‌ಗೆ 2013ರಲ್ಲಿ 20 ವರ್ಷದ ಶಿಕ್ಷೆಯಾಯಿತು.

ಈಗ 2025ಕ್ಕೆ ಬನ್ನಿ. ಸ್ಟಾಕ್‌ಹೋಮಿನ ಸಿಪ್ರಿ ಎಂಬ ಸಂಸ್ಥೆ ಜಗತ್ತಿನ ಶಸ್ತ್ರ ವ್ಯಾಪಾರದ ಲೆಕ್ಕ ಇಡುತ್ತದೆ. ಅದರ ಪ್ರಕಾರ 2020ರಿಂದ 2024ರ ಐದು ವರ್ಷಗಳಲ್ಲಿ ಯೂರೋಪಿನ ನ್ಯಾಟೋ ದೇಶಗಳು ಹೊರಗಿನಿಂದ ತರಿಸಿದ ಶಸ್ತ್ರಗಳಲ್ಲಿ ಶೇಕಡಾ 64 ಪಾಲು ಅಮೆರಿಕದ್ದು. ಅದರ ಹಿಂದಿನ ಐದು ವರ್ಷಗಳಲ್ಲಿ ಅದು 52 ಇತ್ತು. ಗ್ರಿಲ್ಲಿನ ಅಂಗಡಿಯ ಮಾತು ನಾನು ಸುಮ್ಮನೆ ಆಡಲಿಲ್ಲ. ಪೋಲೆಂಡ್ 2024ರಲ್ಲಿ 96 ಅಪಾಚೆ ಹೆಲಿಕಾಪ್ಟರುಗಳಿಗೆ ಸಹಿ ಹಾಕಿತು. ತನ್ನ ಶಸ್ತ್ರಗಳನ್ನು ಕೊಳ್ಳುವುದಕ್ಕೆಂದು ಅಮೆರಿಕವೇ ಪೋಲೆಂಡಿಗೆ ಕೆಲವು ನೂರು ಕೋಟಿ ಡಾಲರ್ ಸಾಲವನ್ನೂ ಒದಗಿಸಿದೆ. ಫ್ರಿಜ್ಜಿನ ಅಂಗಡಿಯವನೇ ಕಂತಿನ ಸೌಲಭ್ಯವನ್ನೂ ಕೊಟ್ಟ ಹಾಗೆ.

ಹೇಗ್ ಸಭೆಯಲ್ಲಿ ಸ್ಪೇನಿನ ಪ್ರಧಾನಿ ಪೆದ್ರೊ ಸಾಂಚೆಜ್, ನಮಗೆ 2.1 ಸಾಕು, ಅದಕ್ಕಿಂತ ಹೆಚ್ಚು ಮಾಡಿದರೆ ಆಸ್ಪತ್ರೆ ಪಿಂಚಣಿಗಳಿಗೆ ಕೈ ಹಾಕಬೇಕಾಗುತ್ತದೆ ಎಂಬ ನಿಲುವು ತೆಗೆದುಕೊಂಡರು. ಅದಕ್ಕೆ ಅಧ್ಯಕ್ಷ ಟ್ರಂಪ್ ಕೊಟ್ಟ ಉತ್ತರ ಸೈನ್ಯದ್ದಲ್ಲ, ಸುಂಕದ್ದು: ವ್ಯಾಪಾರದ ಒಪ್ಪಂದದಲ್ಲಿ ಸ್ಪೇನಿನಿಂದ ಎರಡರಷ್ಟು ವಸೂಲು ಮಾಡುತ್ತೇವೆ ಎಂದರು. ಒಂದು ತಿಂಗಳ ನಂತರ, ಜುಲೈ 27ರಂದು ಸ್ಕಾಟ್‌ಲ್ಯಾಂಡಿನಲ್ಲಿ ಯೂರೋಪಿಯನ್ ಒಕ್ಕೂಟ ಮತ್ತು ಅಮೆರಿಕ ನಡುವೆ ಸುಂಕದ ಒಪ್ಪಂದವಾಯಿತು, ಶೇಕಡಾ 15ಕ್ಕೆ. ಆಗಸ್ಟಿನಲ್ಲಿ ಹೊರಬಂದ ಜಂಟಿ ಹೇಳಿಕೆಯಲ್ಲಿ ಗ್ಯಾಸು, ಎಣ್ಣೆಗಳ ಪಕ್ಕದಲ್ಲೇ ಇನ್ನೊಂದು ಬಾಬು ಸೇರಿತ್ತು, ಯೂರೋಪು ಅಮೆರಿಕದಿಂದ ಶಸ್ತ್ರಗಳ ಖರೀದಿಯನ್ನು ಗಣನೀಯವಾಗಿ ಹೆಚ್ಚಿಸುವ ಉದ್ದೇಶ ಹೊಂದಿದೆ ಎಂದು. ಕಾರು, ಔಷಧಿಗಳ ಸುಂಕದ ಕಾಗದದಲ್ಲಿ ಕ್ಷಿಪಣಿಗೇನು ಕೆಲಸ ಎಂದು ಕೇಳಬೇಡಿ. 1961ರಲ್ಲಿ ಚಿನ್ನದ ಚಿಂತೆಯಿತ್ತು, ಈಗ ವ್ಯಾಪಾರದ ಕೊರತೆಯ ಚಿಂತೆ. ಲೆಡ್ಜರು ಬೇರೆ, ತಾಳೆ ಮಾಡುವ ರೀತಿ ಅದೇ.

ಯೂರೋಪಿನವರೂ ಲೆಕ್ಕ ಬಲ್ಲವರೇ. 2025ರ ಮೇ ತಿಂಗಳಲ್ಲಿ ಅವರು 15,000 ಕೋಟಿ ಯುರೋಗಳ ಒಂದು ಸಾಲದ ನಿಧಿ ಮಾಡಿಕೊಂಡರು. ಆ ಹಣದಲ್ಲಿ ಕೊಳ್ಳುವ ಶಸ್ತ್ರದ ಬೆಲೆಯಲ್ಲಿ ಶೇಕಡಾ 65 ಭಾಗವಾದರೂ ಯೂರೋಪಿನೊಳಗೆ ಮತ್ತು ಜೊತೆಗೂಡಿದ ಕೆಲವು ದೇಶಗಳಲ್ಲಿ ತಯಾರಾಗಿರಬೇಕು. ಇನ್ನು ಆ 1.5 ಪಾಲಿನ ಕಥೆ ಕೇಳಿ. ಸಿಸಿಲಿ ದ್ವೀಪಕ್ಕೆ ಮೆಸ್ಸಿನಾ ಜಲಸಂಧಿಯ ಮೇಲೆ ಕಟ್ಟಬೇಕೆಂದಿರುವ 1,350 ಕೋಟಿ ಯುರೋ ಅಂದಾಜಿನ ಸೇತುವೆಯನ್ನೂ ಸೈನಿಕ ಖರ್ಚಿನಲ್ಲಿ ಸೇರಿಸಿಬಿಡೋಣವೇ ಎಂದು ಇಟಲಿಯ ಸರ್ಕಾರದೊಳಗೆ ಮಾತು ನಡೆಯಿತು. ನಮ್ಮ ಸಂಘದ ವಾರ್ಷಿಕ ಲೆಕ್ಕಪತ್ರದಲ್ಲಿ ಪಿಕ್‌ನಿಕ್ಕಿನ ಬಸ್ಸಿನ ಬಾಡಿಗೆ ಸಾಂಸ್ಕೃತಿಕ ಚಟುವಟಿಕೆ ಎಂಬ ತಲೆಬರಹದ ಕೆಳಗೆ ಬಂದದ್ದು ನನಗೆ ನೆನಪಾಯಿತು. ಖಜಾಂಚಿಗಳು ಕೋಪಿಸಿಕೊಳ್ಳಬಾರದು.

ಇಷ್ಟೆಲ್ಲ ಆದ ಮೇಲೂ ಇದು ಹಫ್ತಾ ಯಾಕಲ್ಲ? ಹಫ್ತಾ ಕೊಟ್ಟವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇಲ್ಲಿ ವಿಮಾನ ಉಳಿಯುತ್ತದೆ, ಕಾರ್ಖಾನೆಯ ಕೆಲಸ ಉಳಿಯುತ್ತದೆ, ಸೈನ್ಯ ನಿಜವಾಗಿಯೂ ಬಲವಾಗುತ್ತದೆ. ಇದು ಹಫ್ತಾಕ್ಕಿಂತ ಜಾಣತನದ ವ್ಯವಸ್ಥೆ. ಮಾರುವವನಿಗೆ ಮೊದಲ ದಿನದ ಬೆಲೆಯಿಂದ ಮುಂದಿನ ಮೂವತ್ತು ನಲವತ್ತು ವರ್ಷಗಳ ಬಿಡಿಭಾಗ, ರಿಪೇರಿ, ಸಾಫ್ಟ್‌ವೇರುಗಳವರೆಗೆ ಆದಾಯ. ಕೊಂಡವನಿಗೆ ಅಷ್ಟೂ ವರ್ಷ ಅವನ ಹಂಗು.

ಆ ಹಂಗಿನ ರುಚಿ ಡೆನ್ಮಾರ್ಕಿಗೆ ತಿಳಿಯಿತು. 1949ರ ಏಪ್ರಿಲ್ 4ರಂದು ನ್ಯಾಟೋ ಕಟ್ಟಿದ ಹನ್ನೆರಡು ದೇಶಗಳಲ್ಲಿ ಅದೂ ಒಂದು. 27 ಎಫ್-35 ವಿಮಾನಗಳಿಗೆ ಆರ್ಡರು ಕೊಟ್ಟಿತ್ತು. 2025ರ ಆರಂಭದಲ್ಲಿ ಅಮೆರಿಕದ ಅಧ್ಯಕ್ಷರು ಡೆನ್ಮಾರ್ಕಿಗೆ ಸೇರಿದ ಗ್ರೀನ್‌ಲ್ಯಾಂಡ್ ತಮಗೆ ಬೇಕೆಂದರು, ಬಲಪ್ರಯೋಗ ಮಾಡುವುದಿಲ್ಲವೆಂದು ಹೇಳಲೂ ಒಪ್ಪಲಿಲ್ಲ. ಕಾಯುವವನೇ ಹಿತ್ತಲು ಕೇಳಿದ ಹಾಗಾಯಿತು. ಈ ವಿಮಾನಗಳ ಬಿಡಿಭಾಗ ಯಾರ ಕೈಯಲ್ಲಿದೆ ಎಂದು ಆಗ ಡೇನರು ಯೋಚಿಸಿದರು. ಇದನ್ನು ಕೊಳ್ಳಬಾರದಿತ್ತು ಎಂದು ಅಲ್ಲಿನ ಸಂಸತ್ತಿನ ರಕ್ಷಣಾ ಸಮಿತಿಯ ಅಧ್ಯಕ್ಷರೇ ಬಹಿರಂಗವಾಗಿ ಪೇಚಾಡಿದರು. ಸೆಪ್ಟೆಂಬರಿನಲ್ಲಿ ಡೆನ್ಮಾರ್ಕ್ ಅಮೆರಿಕದ ಪೇಟ್ರಿಯಟ್ ಬಿಟ್ಟು ಫ್ರಾನ್ಸ್ ಇಟಲಿಗಳ ವಾಯುರಕ್ಷಣಾ ಕ್ಷಿಪಣಿಗಳನ್ನು ಆರಿಸಿತು. ಆದರೆ ಅಕ್ಟೋಬರಿನಲ್ಲಿ ಇನ್ನೂ 16 ಎಫ್-35 ಕೊಳ್ಳುವುದಾಗಿಯೂ ಪ್ರಕಟಿಸಿತು. ಒಮ್ಮೆ ಆ ಪೈಲಟ್‌ಗಳು, ಆ ಹ್ಯಾಂಗರು, ಆ ತರಬೇತಿಗೆ ಹಣ ಹಾಕಿದ ಮೇಲೆ ಹಿಂದಿರುಗುವ ದಾರಿ ದುಬಾರಿ.

ನಮ್ಮ ನೆರೆಯವರಿಗೆ ಇದು ಮೊದಲೇ ಗೊತ್ತಿತ್ತು. 1950ರ ದಶಕದಿಂದ ಅಮೆರಿಕದ ಮೈತ್ರಿಕೂಟಗಳಲ್ಲಿದ್ದ ಪಾಕಿಸ್ತಾನ 28 ಎಫ್-16ಗಳಿಗೆ ಹಣ ಕಟ್ಟಿತ್ತು. 1990ರಲ್ಲಿ ಅಣುಬಾಂಬಿನ ಕಾರಣಕ್ಕೆ ಅಮೆರಿಕ ಮಾರಾಟ ನಿಲ್ಲಿಸಿದಾಗ ವಿಮಾನಗಳೂ ಬರಲಿಲ್ಲ, ಹಣವೂ ಬರಲಿಲ್ಲ. ವಿಮಾನಗಳು ಅರಿಜೋನಾದ ಮರುಭೂಮಿಯಲ್ಲಿ ನಿಂತವು. 1998ರ ಕೊನೆಯಲ್ಲಿ ಲೆಕ್ಕ ಚುಕ್ತವಾದಾಗ ಒಂದು ಭಾಗ ನಗದು, ಉಳಿದದ್ದಕ್ಕೆ ಗೋಧಿ ಮುಂತಾದ ಸರಕು. ಇದನ್ನೋದಿ ನೀವು ಸಂತೋಷಪಡುವ ಮುನ್ನ ಇನ್ನೊಂದು ಮಾತು. ನಾವು ಯಾವ ಸೈನಿಕ ಮೈತ್ರಿಕೂಟಕ್ಕೂ ಸೇರಿದವರಲ್ಲ. ಆದರೂ ಬೆಂಗಳೂರಿನ ಎಚ್‌ಎಎಲ್ ಕಟ್ಟುವ ತೇಜಸ್ ವಿಮಾನದ ಎಂಜಿನ್ ಬರುವುದು ಅಮೆರಿಕದಿಂದ. 2021ರಲ್ಲಿ 99 ಎಂಜಿನ್‌ಗಳಿಗೆ ಆರ್ಡರು ಹೋಯಿತು, ಅದರಲ್ಲಿ ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚಿನಲ್ಲಿ, ಹೇಳಿದ್ದಕ್ಕಿಂತ ಸುಮಾರು ಎರಡು ವರ್ಷ ತಡವಾಗಿ. ವಿಮಾನದ ಒಡಲು ಸಿದ್ಧ, ಹೃದಯ ಬಂದಿಲ್ಲ ಎಂದು ಕಾಯುವ ಸ್ಥಿತಿ.

ಇಷ್ಟನ್ನು ಮುಂದಿನ ವಾರದ ತಾಲೀಮಿನಲ್ಲಿ ಆ ಹುಡುಗನಿಗೆ ಹೇಳಿದೆ. ಅವನು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಎಲ್ಲ ಕೇಳಿ, ತನಗೆ ವಿಮಾನದ ಬಿಡಿಭಾಗ ಮಾಡುವ ಒಂದು ಕಂಪನಿಯಿಂದ ಕೆಲಸದ ಕರೆ ಬಂದಿದೆ, ಅದಕ್ಕೇ ಕೇಳಿದೆ ಎಂದ! ಯೂರೋಪಿನವರು ಹೆಚ್ಚು ಖರ್ಚು ಮಾಡಿದಷ್ಟೂ ಆ ಕಂಪನಿಗೆ ಆರ್ಡರು ಜಾಸ್ತಿಯಂತೆ. "ತಗೊಳ್ಳಲಾ ಅಂಕಲ್, ಬೇಡವಾ?"

ನಾನು ನಿಜ ಹೇಳಬೇಕಾಯಿತು. ನಿವೃತ್ತಿಯ ಹಣದಲ್ಲಿ ನಾನೂ ಒಂದು ರಕ್ಷಣಾ ಕಂಪನಿಯ ಕೆಲವು ಶೇರುಗಳನ್ನು ಕೊಂಡಿದ್ದೇನೆ. ಮೊಮ್ಮಗಳ ಓದಿಗೆಂದು. 2022ರ ಫೆಬ್ರವರಿಗೆ ಮುಂಚೆ ಜರ್ಮನಿಯ ರೈನ್‌ಮೆಟಾಲ್ ಎಂಬ ಶಸ್ತ್ರ ಕಂಪನಿಯ ಶೇರು 100 ಯುರೋ ಆಸುಪಾಸಿನಲ್ಲಿತ್ತು, 2025ರ ಮಧ್ಯದಲ್ಲಿ 1,500 ದಾಟಿತ್ತು. ನನ್ನದು ಅಷ್ಟು ಏರಲಿಲ್ಲ. ಆದರೂ ಏರಿತು. ಬೆಳಿಗ್ಗೆ ಪತ್ರಿಕೆಯ ಮೊದಲ ಪುಟದಲ್ಲಿ ಎಲ್ಲೋ ಬಾಂಬು ಬಿದ್ದ ಸುದ್ದಿ ಓದಿದವನು, ಅಯ್ಯೋ ಎಂದುಕೊಂಡು, ನೇರವಾಗಿ ಶೇರಿನ ಪುಟಕ್ಕೆ ಹೋಗಿರುವುದುಂಟು. ಮನೆಯಾಕೆ ಒಮ್ಮೆ ಅದನ್ನು ಗಮನಿಸಿದಳು. ಏನೂ ಹೇಳಲಿಲ್ಲ, ಕಾಫಿ ಲೋಟ ಕೊಂಚ ಜೋರಾಗಿ ಇಟ್ಟು ಹೋದಳು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಮಾರಿಬಿಟ್ರಾ ಅಂಕಲ್?" ಎಂದ.

ಇನ್ನೂ ಇಲ್ಲ ಎಂದೆ. ಅವನೂ ಇನ್ನೂ ಆ ಕರೆಗೆ ಉತ್ತರ ಬರೆದಿಲ್ಲ. ಈ ಬಗ್ಗೆ ನಿಮಗೇನನ್ನಿಸುತ್ತದೆ ಎಂದು ಬರೆದು ತಿಳಿಸಿ, ಅವನಿಗೂ ತೋರಿಸುತ್ತೇನೆ. ಕನ್ನಡದಲ್ಲೇ ಬರೆಯಿರಿ. ಒತ್ತಕ್ಷರ ತಪ್ಪಾದರೆ ನಾನು ತಿದ್ದಿಕೊಳ್ಳುತ್ತೇನೆ.